ಹಸಿರು ಡ್ಯಾಶ್‌ಬೋರ್ಡನ್ನು ಕಾಯುತ್ತಾ ಕಳೆದ ಐದು ರಾತ್ರಿಗಳು

ಯಾವ ದೋಷವೂ ಇಲ್ಲದೆ ನಡೆಯುತ್ತಿದ್ದ ರಿಲೀಸ್ (ಸಾಫ್ಟ್‌ವೇರ್‌ನ ಹೊಸ ಆವೃತ್ತಿ) ಒಂದನ್ನು ರಾತ್ರಿ 2 ಗಂಟೆ 40 ನಿಮಿಷಕ್ಕೆ ಕೈಯಾರೆ ರೋಲ್‌ಬ್ಯಾಕ್ ಮಾಡಿ, ಅಂದರೆ ಹಳೆಯ ಆವೃತ್ತಿಗೆ ಮರಳಿಸಿ, ಸೇವೆಯನ್ನು 35 ನಿಮಿಷ ನಿಲ್ಲಿಸಿದವನು ನಾನು. ಅವಘಡದ ನಂತರ ಬರೆಯುವ ಪೋಸ್ಟ್‌ಮಾರ್ಟಮ್ ವರದಿಯಲ್ಲಿ ಕಾರಣದ ಜಾಗದಲ್ಲಿ 'ಮಾನವ ದೋಷ' ಎಂಬ ಎರಡೇ ಪದಗಳಿವೆ. ಆ ದೋಷ ಸಿದ್ಧವಾಗಲು ಐದು ದಿನ ಹಿಡಿದಿತ್ತು.

ಆ ವಾರ ಆನ್‌ಕಾಲ್ ಸರದಿ, ಅಂದರೆ ರಾತ್ರಿ ತೊಂದರೆ ಬಂದರೆ ಎದ್ದು ನೋಡುವ ಹೊಣೆ, ನನ್ನದು. ಅಲರ್ಟ್ ಬಂದರೆ ಫೋನ್ ತಾನಾಗಿಯೇ ಕೂಗಿಕೊಳ್ಳುತ್ತದೆ ಎಂದು ತಿಳಿದಿದ್ದರೂ ಹತ್ತು ನಿಮಿಷಕ್ಕೊಮ್ಮೆ ಸೇವೆಯ ಸ್ಥಿತಿ ತೋರಿಸುವ ಡ್ಯಾಶ್‌ಬೋರ್ಡ್ ತೆರೆಯುತ್ತಿದ್ದೆ. ಎಲ್ಲವೂ ಹಸಿರಾಗಿರುವುದನ್ನು ಕಂಡಾಗ ಎದೆ ಹಗುರಾಗುತ್ತಿತ್ತು, ಆದರೆ ಪರದೆ ಆರಿಸಿದ ಕೂಡಲೇ ಅದೇ ಕಳವಳ ಮರಳುತ್ತಿತ್ತು. ಇದನ್ನು ನಾನು ಜವಾಬ್ದಾರಿ ಎಂದು ಭಾವಿಸಿದ್ದೆ. ನೋಡಿದಾಗಲೆಲ್ಲ ಸಿಗುವ ಆ ಚಿಕ್ಕ ಸಮಾಧಾನವೇ 'ನೋಡಿದ್ದರಿಂದಲೇ ಬಚಾವಾದೆ' ಎಂದು ಮನಸ್ಸಿಗೆ ಕಲಿಸಿ ಆತಂಕವನ್ನು ಸಾಕುತ್ತದೆ ಎಂಬುದು ಆಗ ಹೊಳೆಯಲಿಲ್ಲ. ಸಂಜೆಯ ನಡಿಗೆಯನ್ನು 'ರಿಲೀಸ್ ಮುಗಿಯಲಿ' ಎಂದು ಮುಂದೂಡಿದ್ದೆ. ರಾತ್ರಿ 8ಕ್ಕೆ ಗಟ್ಟಿ ಕಾಫಿ ಕುಡಿಯುತ್ತಿದ್ದೆ. ಕೆಫೀನಿನ ಅರ್ಧ ಭಾಗ ದೇಹದಿಂದ ಹೊರಹೋಗಲು ಸಾಮಾನ್ಯವಾಗಿ 5 ಗಂಟೆಯಷ್ಟು ಬೇಕಾಗುವುದರಿಂದ, ಮಲಗಲು ಯತ್ನಿಸುವ ಹೊತ್ತಿಗೂ ಅರ್ಧ ಲೋಟ ರಕ್ತದಲ್ಲೇ ಉಳಿದಿರುತ್ತಿತ್ತು ಎನ್ನಬಹುದು.

ಐದನೆಯ ರಾತ್ರಿ ಅಲರ್ಟ್ ನಿಜವಾಗಿಯೂ ಬಂದಿತು. ಬಾಯಿ ಒಣಗಿ, ಬೆರಳುಗಳು ತಣ್ಣಗಾದವು. ಇಂಥ ಹೊತ್ತಿನಲ್ಲಿ ಅನುಸರಿಸಬೇಕಾದ ಹಂತಗಳ ಪಟ್ಟಿಯಾದ ರನ್‌ಬುಕ್‌ನ ಮೊದಲ ಸಾಲು 'ಸರ್ವರ್‌ಗೆ ಲಾಗಿನ್ ಆಗಿ ಸೇವೆ ನಡೆಯುತ್ತಿದೆಯೇ ನೋಡಿ' ಎಂದು ಹೇಳುತ್ತದೆ, ಆ ಸಾಲನ್ನು ಬರೆದವನೂ ನಾನೇ. ಆದರೆ ಐದು ದಿನಗಳಿಂದ ಕಾಯುತ್ತಿದ್ದ ಅನಾಹುತ ಕೊನೆಗೂ ಬಂದಿತೆಂಬ ಖಾತ್ರಿಯಲ್ಲಿ, ಏನನ್ನೂ ನೋಡದೆ ರೋಲ್‌ಬ್ಯಾಕ್ ಒತ್ತಿದೆ. ಹಳೆಯ ಆವೃತ್ತಿಗೆ ಡೇಟಾಬೇಸ್‌ನ ಹೊಸ ಟೇಬಲ್‌ನ ರಚನೆ ಅರ್ಥವಾಗದೆ ಎರರ್‌ಗಳು ಸುರಿಯತೊಡಗಿದವು. ಹಿರಿಯ ಸಹೋದ್ಯೋಗಿಗೆ ಕರೆ ಮಾಡಿದಾಗ ಅವರು ನಿದ್ದೆಗಣ್ಣಿನಲ್ಲೇ, "ರೋಲ್‌ಬ್ಯಾಕ್‌ಗೆ ಮೊದಲು ಸೇವೆ ನಿಂತಿತ್ತೇ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಸಂಪರ್ಕ ಕಳೆದುಕೊಂಡಿದ್ದದ್ದು ಸರ್ವರ್ ಮೇಲೆ ಕಣ್ಣಿಟ್ಟು ವರದಿ ಮಾಡುವ ಸಣ್ಣ ಪ್ರೋಗ್ರಾಂ, ಮಾನಿಟರಿಂಗ್ ಏಜೆಂಟ್ ಮಾತ್ರ. ಅವರು ಮೌನವಾಗಿ ಲಾಗ್ ಓದುತ್ತಿದ್ದ ಆ ನಿಮಿಷಗಳಲ್ಲೇ, ಸಂಸ್ಥೆ ಕಡ್ಡಾಯವಾಗಿ ಹಾಕಿಸಿದ್ದ ಆರೋಗ್ಯದ ಆ್ಯಪ್ 'ನೀವಿನ್ನೂ ಮಲಗಿಲ್ಲ, ದೀರ್ಘವಾಗಿ ಉಸಿರಾಡಿ' ಎಂದು ಸಂದೇಶ ಕಳುಹಿಸಿತು.

ಸಲಹೆ ತಪ್ಪಾಗಿರಲಿಲ್ಲ ಎಂಬುದೇ ಹೆಚ್ಚಿನ ಸಿಟ್ಟಿಗೆ ಕಾರಣ. ಉಸಿರನ್ನು ಎಳೆದುಕೊಳ್ಳುವುದಕ್ಕಿಂತ ನಿಧಾನವಾಗಿ ಬಿಟ್ಟರೆ ಮೆದುಳಿನಿಂದ ಹೃದಯಕ್ಕೆ ಹೋಗುವ ವೇಗಸ್ ನರದ ಮೂಲಕ ಹೃದಯದ ಬಡಿತ ತಗ್ಗುತ್ತದೆ. ಮುಂದಿನ ವಾರ ಆಡಳಿತ ಮಂಡಳಿಯವರು ಮಾನಸಿಕ ಸ್ವಾಸ್ಥ್ಯದ ಕಾರ್ಯಾಗಾರ ಏರ್ಪಡಿಸಿದರು, ಅದೂ ಶಿಫ್ಟ್ ಹ್ಯಾಂಡೋವರ್‌ನ ಸಮಯಕ್ಕೆ ಸರಿಯಾಗಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟನ್ನು (ಕೆಲಸದಿಂದಾಗುವ ತೀವ್ರ ಬಳಲಿಕೆಯನ್ನು) ರೋಗವೆಂದಲ್ಲ, ನಿಭಾಯಿಸಲಾಗದೆ ಉಳಿದ ಉದ್ಯೋಗಸ್ಥಳದ ಒತ್ತಡದ ಫಲವೆಂದು ವಿವರಿಸಿತು. ನಮ್ಮ ಸ್ಲೈಡ್‌ಗಳಲ್ಲಿ ಮಾತ್ರ ಸುಧಾರಿಸಬೇಕಾದದ್ದು ನಮ್ಮ ಉಸಿರಾಟವೊಂದೇ ಆಗಿತ್ತು.

ನಾನು ಬದಲಿಸಿಕೊಂಡದ್ದು ಸ್ವಲ್ಪವೇ. ಮಧ್ಯಾಹ್ನದ ನಂತರ ಕಾಫಿ ಇಲ್ಲ. ಫೋನ್ ಕೂಗದೆ ಡ್ಯಾಶ್‌ಬೋರ್ಡ್ ತೆರೆಯುವುದಿಲ್ಲ. ಮೊದಲೆರಡು ರಾತ್ರಿ ಇದು ಅಸಹನೀಯವಾಗಿತ್ತು, ಆದರೆ ಏರಿದ ಕಳವಳ ನಾನು ಏನೂ ಮಾಡದಿದ್ದರೂ ತಾನೇ ಇಳಿಯುತ್ತದೆ ಎಂಬುದನ್ನು ಮೂರನೆಯ ರಾತ್ರಿ ಕಂಡೆ. ಸಂಜೆ 6ಕ್ಕೆ ಹದಿನೈದು ನಿಮಿಷ ಕುಳಿತು ಚಿಂತೆಗಳನ್ನು ಬರೆಯುತ್ತೇನೆ, ಆಮೇಲೆ ಬಂದವುಗಳಿಗೆ ನಾಳೆಯ ಸರದಿ. ನಡಿಗೆ ಈಗ ಕ್ಯಾಲೆಂಡರ್‌ನಲ್ಲಿ ಮೀಟಿಂಗ್ ಎಂದೇ ನಮೂದಾಗಿದೆ, ಹಾಗೆ ಬರೆಯದಿದ್ದರೆ ಆ ಸಮಯ ಬೇರೆಯವರ ಪಾಲಾಗುತ್ತದೆ. ಐದು ರಾತ್ರಿಗಳ ಸರದಿಯನ್ನು ಮೂರಕ್ಕೆ ಇಳಿಸಲು ನಾಲ್ಕು ಮೇಲ್‌ಗಳು ಬೇಕಾದವು. ಇಷ್ಟರಿಂದಲೂ ನಿದ್ದೆ ಸರಿಹೋಗದ ನಮ್ಮ ತಂಡದ ಇನ್ನೊಬ್ಬರು ವೈದ್ಯರನ್ನು ಕಂಡರು, ನನಗಿಂತ ಬೇಗ ಸುಧಾರಿಸಿದರು.

ಸುಳ್ಳು ಅಲರ್ಟ್ ಕೊಟ್ಟ ಆ ಏಜೆಂಟ್‌ನ ದುರಸ್ತಿಯ ಟಿಕೆಟ್ ಇಂದಿಗೂ 'ಕಡಿಮೆ ಆದ್ಯತೆ' ಎಂಬ ಪಟ್ಟಿಯಲ್ಲಿ ತೆರೆದೇ ಇದೆ.