ಬಿಸಿಲು ತಿಂದ ಬ್ರಷ್ ಕಟರ್

ತಿಕೋಟಾ ಬಳಿಯ ನಮ್ಮ ದ್ರಾಕ್ಷಿ ತೋಟದ, ಕಳೆ ಕತ್ತರಿಸುವ ಬ್ರಷ್ ಕಟರ್ ಮೂರು ಬೇಸಿಗೆಗಳನ್ನು ತಗಡಿನ ಶೆಡ್ಡಿನ ಅಂಚಿನಲ್ಲಿ, ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುವ ಜಾಗದಲ್ಲಿ ಕಳೆದಿತ್ತು. ಎಂಜಿನ್ನಿನ ಕಿತ್ತಳೆ ಬಣ್ಣದ ಕವರ್ ಪೇಲವವಾಗಿ, ಹಿಡಿಕೆಯ ಕಪ್ಪು ಪ್ಲಾಸ್ಟಿಕ್ ಬೂದಿಯ ಬಣ್ಣಕ್ಕೆ ತಿರುಗಿತ್ತು. ಹೆಬ್ಬೆರಳಿನಿಂದ ಉಜ್ಜಿದರೆ ಸುಣ್ಣದ ಗೋಡೆಯನ್ನು ಮುಟ್ಟಿದಂತೆ ಬಿಳಿ ಪುಡಿ ಮೆತ್ತಿಕೊಳ್ಳುತ್ತಿತ್ತು.

ಈ ಪುಡಿ ಧೂಳಲ್ಲ. ಬಿಸಿಲಿನ ನೇರಳಾತೀತ ಕಿರಣಗಳು ಗಾಳಿಯ ಆಮ್ಲಜನಕದೊಡನೆ ಸೇರಿ ಪ್ಲಾಸ್ಟಿಕ್ಕಿನ ಉದ್ದನೆಯ ಅಣುಸರಪಳಿಗಳನ್ನು ತುಂಡರಿಸುವುದರಿಂದ ಮೇಲ್ಪದರವು ಸೂಕ್ಷ್ಮವಾಗಿ ಬಿರಿದು, ಬೆಳಕನ್ನು ಚದುರಿಸಿ ಬೆಳ್ಳಗೆ ಕಾಣುತ್ತದೆ. ಬಣ್ಣವನ್ನು ಅಚ್ಚಿಗೆ ಹಾಕುವ ಮೊದಲೇ ಬೆರೆಸಿರುವುದರಿಂದ ಆ ತೆಳುಪದರದ ಕೆಳಗೆ ಮೂಲ ಕಿತ್ತಳೆ ಹಾಗೆಯೇ ಉಳಿದಿರುತ್ತದೆ. ಆದ್ದರಿಂದ ಕೊಬ್ಬರಿ ಎಣ್ಣೆ ಸವರಿ ಹೊಳಪು ಬಂತೆಂದು ಸಮಾಧಾನಪಡುವುದನ್ನು ನಾನು ಒಪ್ಪುವುದಿಲ್ಲ. ಆ ಎಣ್ಣೆ ಒಣಗುವುದಿಲ್ಲ, ತೋಟದ ಧೂಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಥಿನ್ನರ್ ಇನ್ನೂ ಕೆಟ್ಟದ್ದು. ಹಿಂದೆ ಸ್ಪ್ರೇಯರಿನ ಮುಚ್ಚಳವೊಂದನ್ನು ಅದರಿಂದ ಒರೆಸಿದಾಗ ಮೈಯೆಲ್ಲ ಅಂಟಂಟಾಗಿ, ಬೆರಳ ಗುರುತು ಶಾಶ್ವತವಾಗಿ ಉಳಿಯಿತು.

ಈ ಬಾರಿ ಪೆಟ್ರೋಲ್ ಬಸಿದು, ಪ್ಲಗ್ಗಿನ ಕ್ಯಾಪ್ ಕಿತ್ತು, ಕವರನ್ನು ಬಿಚ್ಚಿ ಸಾಬೂನು ನೀರಿನಲ್ಲಿ ತೊಳೆದೆ. ಅನಂತರ 400, 800, 1500 ನಂಬರಿನ ವಾಟರ್ ಪೇಪರಿನಿಂದ (ನೀರಿನೊಡನೆ ಬಳಸುವ ಉಪ್ಪುಕಾಗದ; ನಂಬರ್ ಹೆಚ್ಚಿದಷ್ಟೂ ನಯ), ನೀರು ಹನಿಸುತ್ತ, ಹಗುರವಾಗಿ ಉಜ್ಜಿದೆ. ಮೊದಲು ಹಾಲಿನಂತಹ ನೀರು ಇಳಿಯಿತು. ಸ್ವಲ್ಪ ಹೊತ್ತಿಗೆ ಅದೇ ನೀರು ಕಿತ್ತಳೆಯಾಯಿತು. ಸತ್ತ ಪದರ ಮುಗಿದು ಜೀವಂತ ಪ್ಲಾಸ್ಟಿಕ್ ಸಿಕ್ಕಿತೆಂಬುದಕ್ಕೆ ಅದೇ ಗುರುತು, ಒರಟು ಪೇಪರನ್ನು ಅಲ್ಲಿಗೇ ನಿಲ್ಲಿಸಬೇಕು.

ಕಪ್ಪು ಹಿಡಿಕೆಯ ಮೇಲೆ ಜಾರದಂತೆ ಮಾಡಿದ ಗೀರುಗಳಿರುವುದರಿಂದ ಅದನ್ನು ಉಜ್ಜಲಿಲ್ಲ. ಯಂತ್ರದಿಂದ ಬೇರ್ಪಡಿಸಿ, ಟ್ಯಾಂಕಿನಿಂದ ದೂರ ಒಯ್ದು, ಬಿಸಿಗಾಳಿ ಊದುವ ಹೀಟ್ ಗನ್ನನ್ನು ಒಂದೆಡೆ ನಿಲ್ಲಿಸದೆ ಆಡಿಸಿದಾಗ ಬೂದುಬಣ್ಣ ಕಣ್ಣೆದುರಿಗೇ ಕಪ್ಪಾಯಿತು. ಇದರ ಮೇಲೆ ಪೇಂಟ್ ಅಂಗಡಿಯ ಡಬಲ್ ಬಾಯ್ಲ್ಡ್ ಅಗಸೆ ಎಣ್ಣೆಯನ್ನು ತೀರ ತೆಳುವಾಗಿ ಸವರಿದೆ. ನಮ್ಮ ಊಟದ ಅಗಸಿ ಹಿಂಡಿಯ (ಚಟ್ನಿಪುಡಿಯ) ಕಾಳಿನದೇ ಎಣ್ಣೆಯಾದ ಇದು ಒಣಗಿ ಪದರವಾಗುತ್ತದೆ. ಆದರೆ ಒಣಗುವಾಗ ಕಾವು ಹುಟ್ಟುವುದರಿಂದ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಅದನ್ನು ನೀರಿನಲ್ಲಿ ನೆನೆಸಿಡಬೇಕು.

ಪೆಟ್ರೋಲ್ ಟ್ಯಾಂಕಿಗೆ ಮಾತ್ರ ಯಾವ ಉಪಚಾರವನ್ನೂ ಮಾಡಲಿಲ್ಲ. ಅದರ ಮುಚ್ಚಳದ ಸುತ್ತ ಕೂದಲೆಳೆಯಂತಹ ಬಿರುಕುಗಳಿದ್ದವು, ಹೊಸ ಟ್ಯಾಂಕನ್ನೇ ಹಾಕಿಸಿದೆ.