ರಾಜನ ಕಡೆಯೋ, ಪಾರ್ಲಿಮೆಂಟಿನ ಕಡೆಯೋ

"ಅಮ್ಮಾ, ನಾವು ರಾಜನ ಕಡೆ ಇರೋದೇ ಒಳ್ಳೇದು. ಪಾರ್ಲಿಮೆಂಟಿನವರು ಬಂದ್ರೆ ಮೊದಲು ನಿನ್ನ ದೇವರ ಗೂಡು ಒಡೆದು ಹಾಕ್ತಾರೆ."

ಮಗಳು ದೋಸೆ ತಿನ್ನುತ್ತಾ ಹೇಳಿದ ಮಾತಿದು. ನಾವಿರುವುದು ಇಂಗ್ಲೆಂಡಿನಲ್ಲಿ. ಶಾಲೆಯಲ್ಲಿ ಇಲ್ಲಿನ ರಾಜ ಒಂದನೇ ಚಾರ್ಲ್ಸ್‌ನ ಕಾಲದಲ್ಲಿ ಅವನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದ ಪಾಠ ನಡೆಯುತ್ತಿದೆ. ನೀವು ಆಗ ಇದ್ದಿದ್ದರೆ ಯಾರ ಕಡೆ ಸೇರುತ್ತಿದ್ದಿರಿ, ಯಾಕೆ ಅಂತ ಬರೆದು ತರಬೇಕಂತೆ. ನಾನು ಹಿಂದುಮುಂದು ನೋಡದೆ "ಪಾರ್ಲಿಮೆಂಟ್ ಅಂತ ಬರಿ" ಅಂದಿದ್ದೆ. ವೋಟು ಹಾಕಿ ಬೆಳೆದವರಿಗೆ ಇದರಲ್ಲಿ ಯೋಚನೆ ಮಾಡುವುದೇನಿದೆ?

ಆ ರಾಜ ಮಾಡಿದ್ದಾದರೂ ಏನು? 1629ರಲ್ಲಿ ಪಾರ್ಲಿಮೆಂಟನ್ನು ಮನೆಗೆ ಕಳಿಸಿ 11 ವರ್ಷ ಕರೆಯಲೇ ಇಲ್ಲ. ಹಡಗಿನ ತೆರಿಗೆ ಅಂತ ಸಮುದ್ರವನ್ನೇ ಕಾಣದ ಜಿಲ್ಲೆಗಳಿಂದಲೂ ವಸೂಲಿ. ಜಾನ್ ಹ್ಯಾಂಪ್ಡನ್ ಎಂಬ ಜಮೀನುದಾರ ಬರೀ 20 ಶಿಲ್ಲಿಂಗ್ ಕೊಡುವುದಿಲ್ಲ ಅಂತ ಕೋರ್ಟಿಗೆ ಹೋದ. 12 ಜನ ನ್ಯಾಯಾಧೀಶರಲ್ಲಿ 7 ಜನ ರಾಜನ ಪರ, 5 ಜನ ಇವನ ಪರ. ಸೋತರೂ ಗೆದ್ದವನ ಹೆಸರು ಬಂತು. ಕೊನೆಗೆ 1642ರ ಜನವರಿ 4ರಂದು ರಾಜ ಸೈನಿಕರನ್ನು ಕಟ್ಟಿಕೊಂಡು ಐವರು ಸದಸ್ಯರನ್ನು ಹಿಡಿಯಲು ಸದನದೊಳಗೇ ಬಂದ. ಹ್ಯಾಂಪ್ಡನ್ ಅವರಲ್ಲೊಬ್ಬ. ಐವರೂ ಮೊದಲೇ ಜಾಗ ಖಾಲಿ ಮಾಡಿದ್ದರು. ಎಲ್ಲಿ ಅವರು ಅಂತ ಕೇಳಿದರೆ ಸ್ಪೀಕರ್ ಲೆಂಥಾಲ್ ಮಂಡಿಯೂರಿ, ಸದನ ಅಪ್ಪಣೆ ಕೊಡದೆ ನನಗೆ ನೋಡಲು ಕಣ್ಣಿಲ್ಲ, ಮಾತಾಡಲು ನಾಲಿಗೆಯಿಲ್ಲ ಅಂದುಬಿಟ್ಟ. ರೆಸಾರ್ಟು, ರಾಜೀನಾಮೆ, ಅನರ್ಹತೆಗಳ ನಡುವೆ ನಮ್ಮ ಸ್ಪೀಕರುಗಳನ್ನು ಟಿವಿಯಲ್ಲಿ ನೋಡಿ ಬಂದ ನನಗೆ ಈ ಲೆಂಥಾಲ್ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೇ ಇದೆ.

ಹಾಗಿರುವಾಗ ದೇವರ ಗೂಡಿನ ಮಾತು ಎಲ್ಲಿಂದ ಬಂತು? ಪಕ್ಕದ ಮನೆಯ ಅಜ್ಜಿಯಿಂದ. ಆಕೆ ಇಲ್ಲೇ ಹತ್ತಿರದ ಕ್ಲೇರ್ ಊರಿನ ಚರ್ಚಿಗೆ ಹೂವು ಜೋಡಿಸಲು ಹೋಗುತ್ತಾರೆ. ಒಮ್ಮೆ ಮಗಳನ್ನೂ ಕರೆದೊಯ್ದಿದ್ದರು. ಮುಂದಿನ ವಾರ ನಾನೂ ಹೊರಟೆ.

ದೊಡ್ಡ ಚರ್ಚು. ಒಳಗೆ ಬೇಕಾದಷ್ಟು ಬೆಳಕು. ಅಷ್ಟು ಬೆಳಕು ಇರಬಾರದಿತ್ತು, ಅದೇ ಅಲ್ಲಿನ ಕಥೆ. ಕಿಟಕಿಗಳ ತುಂಬ ಇದ್ದ ಬಣ್ಣದ ಗಾಜು ಹೋಗಿ ಬಹುಪಾಲು ಬರೀ ಗಾಜು ಉಳಿದಿದೆ. 1643ರಲ್ಲಿ ಪಾರ್ಲಿಮೆಂಟು ಚರ್ಚುಗಳ ಮೂರ್ತಿ, ಚಿತ್ರಗಳನ್ನೆಲ್ಲ ತೆಗೆಯಬೇಕೆಂದು ಶಾಸನ ಮಾಡಿತು. ಆ ಕೆಲಸಕ್ಕೆ ಈ ಸೀಮೆಗೆ ನೇಮಕವಾದವನು ವಿಲಿಯಂ ಡೌಸಿಂಗ್, ಇದೇ ಸಫೋಕ್ ಜಿಲ್ಲೆಯ ಲ್ಯಾಕ್ಸ್‌ಫೀಲ್ಡಿನ ರೈತ. ಸಫೋಕ್, ಕೇಂಬ್ರಿಡ್ಜ್ ಸೀಮೆಯ 200ಕ್ಕೂ ಹೆಚ್ಚು ಚರ್ಚುಗಳಿಗೆ ಹೋದ, ದಿನಚರಿ ಬೇರೆ ಬರೆದ. 1644ರ ಜನವರಿಯಲ್ಲಿ ಕ್ಲೇರ್‌ನಲ್ಲಿ ಸಾವಿರ ಚಿತ್ರ ಒಡೆದೆವು, ಅದರಲ್ಲಿ 200 ನಾನೇ ಒಡೆದೆ ಅಂತ ಲೆಕ್ಕ ಇಟ್ಟಿದ್ದಾನೆ. ಮಾಡಿದ ಸೇವೆಗೆ ಎಷ್ಟೋ ಚರ್ಚುಗಳಿಂದ 6 ಶಿಲ್ಲಿಂಗ್ 8 ಪೆನ್ಸ್ ಶುಲ್ಕವೂ ವಸೂಲು! ಮಗಳಿಗೆ ಎಲ್ಲಕ್ಕಿಂತ ತಮಾಷೆ ಅನಿಸಿದ್ದು ಇದೇ. ನಮ್ಮ ಗೂಡಿನ ಗಣಪತಿ, ಲಕ್ಷ್ಮಿ, ಗುರುರಾಯರ ಫೋಟೋ, ಎಲ್ಲ ಸೇರಿ ಎಷ್ಟು ಬಿಲ್ ಆಗಬಹುದು ಅಂತ ಕಾರಿನಲ್ಲಿ ಕೂತು ಲೆಕ್ಕ ಹಾಕಿದ್ದೇ ಹಾಕಿದ್ದು.

ಪೂರ್ವದ ಕಿಟಕಿಯಲ್ಲಿದ್ದ ಸೂರ್ಯ ಚಂದ್ರರನ್ನೂ ತೆಗೆಯಿರಿ ಅಂತ ಅವನು ಆಜ್ಞೆ ಮಾಡಿ ಹೋಗಿದ್ದನಂತೆ. ಆದರೆ ಅವೆರಡೂ ಇನ್ನೂ ಉಳಿದಿವೆ. ನಮ್ಮ ಊರ ಕಡೆಯ ಪ್ರತಿ ವೀರಗಲ್ಲಿನ ನೆತ್ತಿಯ ಮೇಲೂ ಇರುವ ಅದೇ ಜೋಡಿ. ಕತ್ತು ನೋಯುವಷ್ಟು ಹೊತ್ತು ನೋಡಿದೆ.

ಒಡೆದವರು ಎಲ್ಲಿಂದ ಬಂದವರು ಅಂತ ನಾನು ಕೇಳಿದೆ. ಅಜ್ಜಿ ಹೂವಿನ ದಂಟು ಕತ್ತರಿಸುತ್ತಲೇ, "ಎಲ್ಲಿಂದಲೂ ಬರಲಿಲ್ಲ. ಎಲ್ಲ ನಮ್ಮವರೇ. ಇದೇ ಯೇಸುವಿಗೆ ಪ್ರಾರ್ಥನೆ ಮಾಡುವವರು" ಅಂದರು.

ಇಕ್ಕೇರಿ ನೆನಪಾಯಿತು. ನಮ್ಮ ಮನೆ ಸಾಗರದ ಹತ್ತಿರ. ನೆಂಟರು ಬಂದಾಗಲೆಲ್ಲ ಅಘೋರೇಶ್ವರನ ಗುಡಿಗೆ ಸವಾರಿ. ಗರ್ಭಗುಡಿಯಲ್ಲಿ ಈಗಿನ ದೇವರಿಗೆ ಹೊಂದದಷ್ಟು ದೊಡ್ಡ ಪೀಠ. ಹಳೇ ಮೂರ್ತಿ ಎಲ್ಲಿ ಅಂತ ಮಕ್ಕಳು ಕೇಳಿದರೆ ದೊಡ್ಡವರ ಬಾಯಲ್ಲಿ ಉತ್ತರ ಸಿದ್ಧ: ಬಿಜಾಪುರದವರು ಒಡೆದರು. ಅಲ್ಲಿಗೆ ಮಾತು ಮುಗಿಯುತ್ತಿತ್ತು, ಸಿಟ್ಟು ಯಾರ ಮೇಲೆ ಅನ್ನುವುದೂ ತೀರ್ಮಾನವಾಗುತ್ತಿತ್ತು. "ನಮ್ಮವರೇ" ಅನ್ನುವ ಉತ್ತರ ನಮ್ಮಲ್ಲಿ ಯಾವ ಮುರುಕು ಕಲ್ಲಿನ ಮುಂದೆಯೂ ನಾನು ಕೇಳಿದ್ದಿಲ್ಲ. ಅಜ್ಜಿಯಷ್ಟು ತಣ್ಣಗಂತೂ ಇಲ್ಲವೇ ಇಲ್ಲ.

ಡೌಸಿಂಗ್‌ನಂಥವರಿಗೆ ತಲೆ ಕೆಟ್ಟಿತ್ತು ಅಂತ ಕೈತೊಳೆದುಕೊಳ್ಳುವ ಹಾಗೂ ಇಲ್ಲ. ದೇಶ ಪ್ರಾಟೆಸ್ಟಂಟ್, ರಾಣಿ ಕ್ಯಾಥೊಲಿಕ್. ರಾಜ ನೇಮಿಸಿದ ಆರ್ಚ್‌ಬಿಷಪ್ ಲಾಡ್ ಪ್ರಾರ್ಥನೆಯ ಮೇಜನ್ನು ಪೂರ್ವದ ಗೋಡೆಗೆ ಸರಿಸಿ, ಸುತ್ತ ಕಟಕಟೆ ಹಾಕಿಸಿದ. ಮೂರ್ತಿ, ಚಿತ್ರಗಳನ್ನು ಪೂಜಿಸುವ ಹಳೇ ರೋಮಿನ ಕ್ಯಾಥೊಲಿಕ್ ಪದ್ಧತಿ ಹಿತ್ತಿಲ ಬಾಗಿಲಿನಿಂದ ಬರುತ್ತಿದೆ ಅಂತ ಜನ ನಡುಗಿದರು. ಬಿಷಪ್‌ಗಳ ವಿರುದ್ಧ ಬರೆದ ಒಬ್ಬ ವಕೀಲ, ಒಬ್ಬ ವೈದ್ಯ, ಒಬ್ಬ ಪಾದ್ರಿ, ಮೂವರ ಕಿವಿಯನ್ನೂ 1637ರಲ್ಲಿ ಕತ್ತರಿಸಿದರು. ಕಾನೂನಿಗೆ ರಾಜನೂ ತಲೆಬಾಗಬೇಕು ಎಂದ ಬಾಯಿಯೇ ಮೂರ್ತಿ ಒಡೆಯಿರಿ ಎಂದಿತು. ಹಾಡು, ಬಣ್ಣ, ಕ್ರಿಸ್‌ಮಸ್ ಉಳಿಸಿಕೊಂಡ ಪಕ್ಷದ ತುದಿಯಲ್ಲಿ, ನಾನು ದೇವರಿಗೆ ಮಾತ್ರ ಉತ್ತರ ಕೊಡುವವನು ಎನ್ನುವ ರಾಜ ಕೂತಿದ್ದ. ನನಗೆ ಬೇಕಾದ ಎರಡು ಒಂದೇ ಕಡೆ ಸಿಗಲಿಲ್ಲ. 1649ರ ಜನವರಿ 30ರಂದು ಆ ರಾಜನ ತಲೆ ತೆಗೆದರು. ಈಗ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಪಾರ್ಲಿಮೆಂಟಿನ ಹೊರಗೆ ಅದರ ಆಗಿನ ಸೇನಾಪತಿ ಕ್ರಾಮ್‌ವೆಲ್‌ನ ಪ್ರತಿಮೆ, ರಸ್ತೆಯಾಚೆ ಚರ್ಚಿನ ಗೋಡೆಯಲ್ಲಿ ಚಾರ್ಲ್ಸ್‌ನ ತಲೆ. ನಮ್ಮಲ್ಲಾಗಿದ್ದರೆ ಮಧ್ಯೆ ಪೊಲೀಸ್ ವ್ಯಾನು ಖಾಯಂ ನಿಲ್ಲಬೇಕಿತ್ತು. ಇಲ್ಲಿನವರು ಮಹಾ ಉದಾರಿಗಳು ಅಂತಲ್ಲ. ನನ್ನ ಐರಿಷ್ ಸಹೋದ್ಯೋಗಿಯ ಎದುರು, ಅವರ ದೇಶದಲ್ಲಿ ರಕ್ತ ಹರಿಸಿದ ಕ್ರಾಮ್‌ವೆಲ್ ಹೆಸರು ಎತ್ತಿ ನೋಡಿ, ಗೊತ್ತಾಗುತ್ತದೆ.

ಮಗಳು ರಾಜನ ಕಡೆಗೇ ಬರೆದುಕೊಟ್ಟಳು. ಈ ಕಥೆಯನ್ನೆಲ್ಲ ಫೋನಿನಲ್ಲಿ ಹೇಳಿದರೆ ಅಪ್ಪ ಹೂಂಗುಟ್ಟುತ್ತಿದ್ದರು ಅಷ್ಟೇ. ಅವರ ಕಿವಿ ನೆಟ್ಟಗಾಗಿದ್ದು ಮೆಣಸಿನ ವಿಷಯಕ್ಕೆ. ಪಾರ್ಲಿಮೆಂಟನ್ನು ಕೇಳದೆ ದುಡ್ಡು ಹೊಂದಿಸಲು ಈ ಚಾರ್ಲ್ಸ್ ಬಿಡದ ದಾರಿಯಿಲ್ಲ. ಈಸ್ಟ್ ಇಂಡಿಯಾ ಕಂಪೆನಿಯ ಏಕಸ್ವಾಮ್ಯ ಮುರಿದು ಕೋರ್ಟೀನ್ ಎಂಬ ವ್ಯಾಪಾರಿಯ ಕೂಟಕ್ಕೆ ಪರವಾನಗಿ ಕೊಟ್ಟ. ಅವರ ಹಡಗು 1637ರಲ್ಲಿ ಭಟ್ಕಳಕ್ಕೇ ಬಂತು, ಅವರ ಕಡೆಯವರು ಘಟ್ಟ ಹತ್ತಿ ಇಕ್ಕೇರಿಗೆ ಹೋಗಿ ಅಲ್ಲಿನ ಅರಸ ವೀರಭದ್ರ ನಾಯಕನನ್ನು ಕಂಡರು. ಆಮೇಲೆ ಸ್ಕಾಟ್ಲೆಂಡಿನವರ ಮೇಲೆ ತನ್ನ ಪ್ರಾರ್ಥನಾ ಪುಸ್ತಕ ಹೇರಲು ಹೋಗಿ ಯುದ್ಧ ಮೈಮೇಲೆ ಎಳೆದುಕೊಂಡ. ಬೊಕ್ಕಸ ಬರಿದು. 1640ರಲ್ಲಿ ಕಂಪೆನಿಯ ಗೋದಾಮಿನ ಕಾಳುಮೆಣಸನ್ನೆಲ್ಲ ಪೌಂಡಿಗೆ 2 ಶಿಲ್ಲಿಂಗ್ 1 ಪೆನ್ನಿಯಂತೆ ಸಾಲಕ್ಕೆ ಕೊಂಡು, 1 ಶಿಲ್ಲಿಂಗ್ 8 ಪೆನ್ಸಿಗೆ ನಗದು ಮಾರಿದ. ಒಟ್ಟು 63 ಸಾವಿರ ಪೌಂಡ್ ಹಣದ ಮಾಲು.

"ಕಂಪೆನಿಗೆ ದುಡ್ಡು ಬಂತಾ?" ಅಪ್ಪ ಕೇಳಿದರು.

ಕಂತು ಹೇಳಿದ ದಿನಕ್ಕೆ ಬರಲಿಲ್ಲ ಅಂದೆ.

"ಅರಮನೆಗೆ ಉದ್ರಿ ಕೊಡ್ತಾರಾ ಯಾರಾದ್ರೂ? ಮೆಣಸು ಒಣಗಿಸಿಟ್ಟು ಒಂದು ವರ್ಷ ಕಾಯಬಹುದಿತ್ತಲ್ಲ ಮಾರಾಯ್ತಿ" ಅಂತ, ತಾನೇ ನಷ್ಟಪಟ್ಟವರ ಹಾಗೆ ಬೈದುಕೊಂಡು ಫೋನಿಟ್ಟರು.