ಮೂರು ಬೆಲ್ಟು, ಒಂದು ಡೈರಿ

ಕಳೆದ ಕಕ್ಕಡದಲ್ಲಿ, ಅಂದರೆ ಕೊಡವರ ಜುಲೈ-ಆಗಸ್ಟಿನ ಮಳೆ ತಿಂಗಳಲ್ಲಿ, ನಿವೃತ್ತ ಸುಬೇದಾರ್ರೊಬ್ಬರು ಫೋನ್ ಮಾಡಿದರು. "ಕಾರಿನ ಬೆಲ್ಟ್ ಮತ್ತೆ ಕೂಗ್ತಾ ಉಂಟು ಮಾರಾಯ. ಈ ಸಲ ನಾನೇ ಹಾಕ್ತೇನೆ, ಇಲ್ಲೇ ಮನೇಲಿ. ನೀನು ಬಂದು ಪಕ್ಕದಲ್ಲಿ ನಿಂತ್ಕೊಂಡ್ರೆ ಸಾಕು."

ಕೊಡಗಿನ ಗೋಣಿಕೊಪ್ಪದಲ್ಲಿ ಹದಿನೆಂಟು ವರ್ಷದಿಂದ ಗ್ಯಾರೇಜ್ ಇಟ್ಟುಕೊಂಡವನಿಗೆ ಇದಕ್ಕಿಂತ ಮರ್ಯಾದೆಯ ಬೈಗುಳ ಬೇಕಿಲ್ಲ. ಹಿಂದಿನ ಬೆಲ್ಟುಗಳನ್ನೆಲ್ಲ ಹಾಕಿದ್ದು ನಾನೇ.

ಮಳೆಗಾಲದಲ್ಲಿ ನಮ್ಮಲ್ಲಿಗೆ ಬರುವ ಗಾಡಿಗಳಲ್ಲಿ ಬೆಳಗಿನ ಹೊತ್ತು ಕಿರ್ರೋ ಎನ್ನುವವೇ ಜಾಸ್ತಿ. ಕಾರಣ ಸರಳ. ರಾತ್ರಿಯೆಲ್ಲ ಥಂಡಿಯಲ್ಲಿ ನಿಂತ ಗಾಡಿಯ ಬೆಲ್ಟ್ ಮೇಲೆ ತೆಳ್ಳಗೆ ನೀರಿನ ಪಸೆ ಕೂತಿರುತ್ತದೆ. ಸೆಲ್ಫ್ ಹೊಡೆದಾಗ ಬ್ಯಾಟರಿ ಕಳಕೊಂಡದ್ದನ್ನು ಬೆಲ್ಟಿನಲ್ಲಿ ತಿರುಗುವ ಡೈನಮೊ (ಆಲ್ಟರ್ನೇಟರ್) ತುಂಬಿಕೊಡಬೇಕು, ಹಾಗಾಗಿ ಮೊದಲ ಒಂದೆರಡು ನಿಮಿಷ ಅದು ತಿರುಗಲು ಭಾರ. ಒದ್ದೆ ಬೆಲ್ಟು ಆ ಭಾರ ಎಳೆಯಲಾರದೆ ಪುಲ್ಲಿಯ ಮೇಲೆ ಜಾರುತ್ತದೆ. ಜಾರುವ ರಬ್ಬರಿನದ್ದೇ ಆ ಕೂಗು. ಬೆಲ್ಟ್ ಒಣಗಿದ ಮೇಲೆ ಸುಮ್ಮನಾಗುತ್ತದೆ. ಹೀಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಬಾಯಲ್ಲಿ ಒಂದೇ ಉತ್ತರ: "ಮಳೆ ಅಲ್ವಾ ಸಾರ್." ಬೆಲ್ಟ್ ಹಳತಾಗಿದ್ದರೆ ಹೊಸತು, ಇಲ್ಲವಾದರೆ ಇನ್ನೊಂದು ಸುತ್ತು ಟೈಟು. ಕೆಲವರು ಬಟ್ಟೆ ಸೋಪು ಉಜ್ಜುತ್ತಾರೆ, ಕೆಲವರು ಅಂಟಿನ ಸ್ಪ್ರೇ ಹೊಡೆಯುತ್ತಾರೆ. ಎರಡು ದಿನ ಬಾಯಿ ಮುಚ್ಚುತ್ತದೆ, ಆಮೇಲೆ ಅದರ ಮೇಲೆ ಧೂಳು ಹಿಡಿದು ಮೊದಲಿಗಿಂತ ಜೋರು. ಅಷ್ಟು ತಪ್ಪು ನಾನು ಮಾಡಿಲ್ಲ. ನನ್ನದು ಬೇರೆ ತಪ್ಪು.

ಮನೆ ಅಮ್ಮತ್ತಿ ಕಡೆ, ರಸ್ತೆಯಿಂದ ಕಾಫಿ ತೋಟದೊಳಗೆ. ಸಂಜೆಯಾದರೆ ಆ ದಾರಿಯಲ್ಲಿ ಆನೆ ಇರಬಹುದು ಎಂದು ಬೆಳಗ್ಗೆಯೇ ಹೊರಟೆ. ಶೆಡ್ಡಿನಲ್ಲಿ ಕಾರು, ಹಿಂದಿನ ಚಕ್ರಕ್ಕೆ ಎರಡು ಕಲ್ಲು, ಗೋಣಿತಾಟಿನ ಮೇಲೆ ಸೈಜಿನ ಪ್ರಕಾರ ಜೋಡಿಸಿದ ಪಾನಾಗಳು. ಪಕ್ಕದಲ್ಲಿ ಒಂದು ಡೈರಿ.

ಬಾನೆಟ್ ಎತ್ತಿ ಸ್ಟಾರ್ಟ್ ಮಾಡಿದೆವು. ಕೂಗಿತು. ಮನೆಯ ಅಮ್ಮನವರು ಹೂಕುಂಡಕ್ಕೆ ನೀರು ಚಿಮುಕಿಸುವ ಬಾಟಲಿ ಇಸಿದುಕೊಂಡು ಓಡುತ್ತಿರುವ ಬೆಲ್ಟಿನ ಗೀರುಗಳ ಕಡೆಗೆ ದೂರದಿಂದಲೇ ಚೂರು ನೀರು ಹೊಡೆದೆ. ಹಳೇ ಪರೀಕ್ಷೆ ಇದು. ನೀರು ಬಿದ್ದಾಗ ಶಬ್ದ ಸ್ವಲ್ಪ ಹೊತ್ತು ನಿಂತು ಮತ್ತೆ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ ಎಂದರ್ಥ. ಜೋರಾದರೆ ಬೆಲ್ಟ್ ಜಾರುತ್ತಿದೆ. ಜೋರಾಯಿತು.

"ನೋಡಿ ಸಾರ್, ಜಾರ್ತಾ ಇದೆ. ಸ್ವಲ್ಪ ಟೈಟ್ ಮಾಡಿದ್ರೆ..." ಎನ್ನುತ್ತಾ ಎಂಜಿನ್ ನಿಲ್ಲಿಸಿದೆ.

ಅವರು ಹೆಬ್ಬೆರಳಿಟ್ಟು ಬೆಲ್ಟ್ ಒತ್ತಿದರು. ಅದು ತಂಬೂರಿಯ ತಂತಿಯ ಹಾಗೆ ನಿಂತಿತ್ತು. "ಇದಕ್ಕಿಂತ ಟೈಟಾ? ಟೈಟಾಗಿದ್ದೂ ಜಾರ್ತದೆ ಅಂದ್ರೆ ಬೇರೆ ಏನೋ ಇರ್ಬೇಕಲ್ಲ."

ನಾನು ಸುಮ್ಮನಾದೆ. ಅವರು ಡೈರಿ ಮುಂದೆ ತಳ್ಳಿದರು.

ಮಿಲಿಟರಿಯವರ ಅಭ್ಯಾಸ, ಗಾಡಿಗೆ ಹಾಕಿದ ಪ್ರತಿ ಲೀಟರ್ ಪೆಟ್ರೋಲೂ ಅದರಲ್ಲಿತ್ತು. ಕಳೆದ ವರ್ಷ ಜೂನ್‌ನಲ್ಲಿ ಬೆಲ್ಟ್ ಬದಲು. ಡಿಸೆಂಬರ್‌ನಲ್ಲಿ ಬದಲು. ಏಪ್ರಿಲ್‌ನಲ್ಲಿ ಬದಲು. ಹದಿನಾಲ್ಕು ತಿಂಗಳಲ್ಲಿ ಮೂರು. ನಡುವೆ ಫೆಬ್ರವರಿಯ ಒಂದು ಸಾಲು: "ಬೆಳಗ್ಗೆ 9, ಬಿಸಿಲು, ಶಬ್ದ." ಫೆಬ್ರವರಿ ಎಂದರೆ ರೊಬಸ್ಟಾ ಕೊಯ್ಲು, ಕಣದಲ್ಲಿ ಕಾಫಿ ಒಣಗುವ ಕಾಲ, ಕಾಫಿ ಹೂ ಬಿಡಿಸುವ ಮಳೆ ಕೂಡ ಸಾಮಾನ್ಯವಾಗಿ ಇನ್ನೂ ಬಿದ್ದಿರುವುದಿಲ್ಲ. ನನ್ನ "ಮಳೆ ಅಲ್ವಾ ಸಾರ್" ಅಲ್ಲಿಗೆ ಮುಗಿಯಿತು. ಇನ್ನೂ ಕೆಳಗೆ, ಎಂಜಿನ್ ತಣಿಸುವ ದ್ರವ ಕಡಿಮೆಯಾದಾಗ ತುಂಬಿದ ಲೆಕ್ಕ, ಮೂರು ವಾರಕ್ಕೊಮ್ಮೆ ಎಂಬಂತೆ: "ಕೂಲೆಂಟ್ ಅರ್ಧ ಲೋಟ."

"ಇದನ್ನ ನಂಗೆ ಹೇಳಿಲ್ವಲ್ಲ ಸಾರ್?"

"ನೀನು ಕೇಳಿಲ್ವಲ್ಲ."

ಬಿಚ್ಚಲು ಶುರು ಮಾಡಿದರು. ಎಂಜಿನ್ ಆರುವವರೆಗೆ ಬೆಲ್ಲದ ಕಾಫಿ ಆಯಿತು. ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಸಿದೆ. ಡೈನಮೊದ ಹಿಂದಿನ ದಪ್ಪ ವೈರಿನಲ್ಲಿ ಕೀ ತೆಗೆದಿದ್ದರೂ ಕರೆಂಟು ಇರುತ್ತದೆ. ಅಲ್ಲಿಗೂ ಬಾಡಿಗೂ ಪಾನಾ ತಾಗಿತೋ, ಕಿಡಿ ಹಾರುತ್ತದೆ. ನಾನು ಫೋನಿನಲ್ಲಿ ಫೋಟೋ ತೆಗೆಯುವಷ್ಟರಲ್ಲಿ ಅವರು ಬೆಲ್ಟ್ ಹೋಗುವ ದಾರಿಯ ಚಿತ್ರವನ್ನು ಡೈರಿಯಲ್ಲೇ ಬರೆದಿದ್ದರು. ಹೊರಗಿರುವ ಪವರ್ ಸ್ಟೇರಿಂಗಿನ ಬೆಲ್ಟು ತೆಗೆಯದೆ ಒಳಗಿನದ್ದು ಬರುವುದಿಲ್ಲ. ಒಳಗಿನದ್ದು ಡೈನಮೊ ಮತ್ತು ಕೂಲೆಂಟನ್ನು ಎಂಜಿನ್ನಿಗೆ ಸುತ್ತಿಸುವ ವಾಟರ್ ಪಂಪ್ ಎರಡನ್ನೂ ತಿರುಗಿಸುವಂಥದ್ದು. ಈಗಿನ ಕಾರಿನಲ್ಲಿ ರೇಡಿಯೇಟರ್ ಫ್ಯಾನು ಕರೆಂಟಿನಲ್ಲಿ ತಿರುಗಿದರೂ ನಮ್ಮ ಬಾಯಲ್ಲಿ ಇದು ಇವತ್ತಿಗೂ ಫ್ಯಾನ್ ಬೆಲ್ಟೇ. ಡೈನಮೊದ ಕೆಳಗಿನ ಬೋಲ್ಟ್ ಸಡಿಲಿಸಿ, ಮೇಲಿನದ್ದನ್ನು ಸಡಿಲಿಸಿ, ಎಂಜಿನ್ ಕಡೆಗೆ ತಳ್ಳಿದರೆ ಬೆಲ್ಟು ಕೈಗೆ ಬರುತ್ತದೆ. ಕೆಳಗಿನದ್ದನ್ನು ಮರೆತು ಮೇಲಿನದ್ದನ್ನೇ ತಿರುಗಿಸಿ ಅದರ ಮರೆ (ಥ್ರೆಡ್) ಕಳೆದವರನ್ನು ಬೇಕಾದಷ್ಟು ನೋಡಿದ್ದೇನೆ.

ಬೆಲ್ಟ್ ಬಂದ ಮೇಲೆ ಎಲ್ಲ ಪುಲ್ಲಿಗಳನ್ನೂ ಕೈಯಲ್ಲಿ ತಿರುಗಿಸಿ ನೋಡಬೇಕು. ಮೂರು ಸಲ ಬೆಲ್ಟ್ ಹಾಕಿದಾಗಲೂ ನಾನು ಮಾಡದೆ ಬಿಟ್ಟದ್ದು ಇದನ್ನೇ. ಅರ್ಧ ನಿಮಿಷದ ಕೆಲಸ. ಡೈನಮೊ ಸದ್ದಿಲ್ಲದೆ ತಿರುಗಿತು. ಪಂಪಿನ ಪುಲ್ಲಿ ಒಳಗೆ ಮರಳು ಹಾಕಿದ ಹಾಗೆ ಕರಕರ ಎಂದಿತು, ಹಿಡಿದು ಅಲ್ಲಾಡಿಸಿದರೆ ಆಚೀಚೆ ಆಡುತ್ತಿತ್ತು. ಟಾರ್ಚ್ ಬಿಟ್ಟು ನೋಡಿದರೆ ಪಂಪಿನ ಕೆಳಗಿನ ಸಣ್ಣ ತೂತಿನಿಂದ ಇಳಿದು ಒಣಗಿದ ಹಸಿರು ಗೆರೆ. ಆ ತೂತು ಕಂಪನಿಯವರೇ ಇಟ್ಟದ್ದು. ಒಳಗಿನ ಸೀಲು ಹೋದರೆ ನೀರು ಬೇರಿಂಗಿಗೆ ನುಗ್ಗದೆ ಹೊರಗೆ ಬಂದು ಸುದ್ದಿ ಮುಟ್ಟಿಸಲಿ ಅಂತ. ಸುದ್ದಿ ಬಂದು ಎಷ್ಟೋ ತಿಂಗಳಾಗಿತ್ತು, ಓದುವವರಿರಲಿಲ್ಲ. ಕೊಡಗಿನ ಮಳೆಯಲ್ಲಿ ಬಾನೆಟ್ ಒಳಗೆ ಎಲ್ಲವೂ ಒದ್ದೆ, ಇನ್ನೆರಡು ಹನಿ ಯಾರ ಕಣ್ಣಿಗೆ ಬೀಳುತ್ತದೆ?

ಶೆಡ್ಡಿನ ಗೋಡೆಯ ಮೊಳೆಯಲ್ಲಿ ಹಳೆಯ ಬೆಲ್ಟುಗಳು ನೇತಾಡುತ್ತಿದ್ದವು. ಯಾವುದಕ್ಕಾದರೂ ಬೇಕಾಗುತ್ತದೆ ಎಂದು ಎತ್ತಿಟ್ಟದ್ದು. ಇಳಿಸಿ ನೋಡಿದೆ. ನಾನು ಮೊದಲ ಸಲ ತೆಗೆದದ್ದು ನಿಜಕ್ಕೂ ಮುದಿಯಾಗಿತ್ತು, ತುಂಬ ಬಿರುಕು. ಆಮೇಲಿನ ಎರಡರಲ್ಲಿ ಬಿರುಕೇ ಇಲ್ಲ. ಗೀರುಗಳು ಗಾಜಿನ ಹಾಗೆ ಹೊಳೆಯುತ್ತಿದ್ದವು, ಸಂದಿಯಲ್ಲಿ ಅದೇ ಹಸಿರು ಹೆಕ್ಕಳೆ.

ಆಗ ಹೊಳೆದದ್ದು ಹೇಳಿದರೆ ನಾಚಿಕೆ. ಗಿರಾಕಿ ಮತ್ತೆ ಶಬ್ದ ಎಂದು ವಾಪಸ್ ಬರಬಾರದು ಎಂದು ನಾನು ಡೈನಮೊಗೆ ಟೈರ್ ಲೀವರ್ ಕೊಟ್ಟು ಮೀಟಿ ಬಿಗಿ ಮಾಡುತ್ತಿದ್ದೆ. ಬಿಗಿಯಾದ ಬೆಲ್ಟು ಹಗಲೂ ರಾತ್ರಿ ಪಂಪಿನ ಶಾಫ್ಟನ್ನು ಒಂದೇ ಕಡೆಗೆ ಎಳೆಯುತ್ತದೆ. ಬೇರಿಂಗ್ ಸವೆಯಿತು, ಶಾಫ್ಟ್ ಆಡಿತು, ಸೀಲು ಬಿಟ್ಟಿತು, ಕೂಲೆಂಟು ಬೆಲ್ಟಿಗೆ ಹನಿಯಿತು, ಬೆಲ್ಟ್ ಜಾರಿ ಕೂಗಿತು. ಅವರು ಗಾಡಿ ತಂದರು. ನಾನು ಇನ್ನಷ್ಟು ಬಿಗಿ ಮಾಡಿದೆ, ದುಡ್ಡೂ ತಗೊಂಡೆ.

ಇದನ್ನೆಲ್ಲ ಅವರಿಗೆ ಹೇಳಿದೆ. ಬೈಯಲಿಲ್ಲ, ಡೈರಿಯಲ್ಲಿ ಬರೆದುಕೊಂಡರು. ಬೈದಿದ್ದರೆ ವಾಸಿಯಿತ್ತು.

ಪಂಪ್ ಗೋಣಿಕೊಪ್ಪದಲ್ಲಿ ಸಿಗಲಿಲ್ಲ. ಮೈಸೂರಿನಿಂದ ಬಸ್ಸಿನಲ್ಲಿ ಹಾಕಿಸಿದೆ, ಎರಡು ದಿನ ಬಿಟ್ಟು ಹೋದೆ. ಆ ದಿನ ಕಕ್ಕಡ 18, ಆಗಸ್ಟ್ 3, ಕೊಡಗಿನಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುವ ದಿನ. ಮನೆ ತುಂಬ ಮದ್ದು ಸೊಪ್ಪಿನ ಘಮ, ಅಡುಗೆಮನೆಯಲ್ಲಿ ನೇರಳೆ ಬಣ್ಣದ ಪಾಯಸ. "ಕೈ ತೊಳ್ಕೊಂಡು ಮೊದ್ಲು ಇದು ತಿನ್ನು, ಆಮೇಲೆ ನಿಮ್ಮ ಪಂಪು" ಎಂದರು ಅಮ್ಮನವರು.

ಪಂಪು ಹಾಕುವುದನ್ನು ಬಿಡಿಸಿ ಬರೆಯುವುದಿಲ್ಲ. ಇದರಲ್ಲಿ ಅದು ಈ ಫ್ಯಾನ್ ಬೆಲ್ಟಿನಲ್ಲೇ ತಿರುಗುತ್ತದೆ, ಕೈಗೂ ಸಿಗುತ್ತದೆ. ಎಂಜಿನ್ನಿನ ವಾಲ್ವುಗಳ ತಾಳ ಹಿಡಿಯುವ ಟೈಮಿಂಗ್ ಬೆಲ್ಟಿನಲ್ಲಿ ತಿರುಗುವ ಪಂಪು ನಿಮ್ಮ ಗಾಡಿಯಲ್ಲಿದ್ದರೆ ಮನೆಯಲ್ಲಿ ಕೈ ಹಾಕಬೇಡಿ, ಅಷ್ಟೇ. ಒಂದು ಮಾತು ಮಾತ್ರ: ಇಳಿಸಿದ ಕೂಲೆಂಟನ್ನು ಬೇಸಿನ್‌ನಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ. ಅದು ಸಿಹಿ, ನಾಯಿ ನೆಕ್ಕುತ್ತದೆ, ನೆಕ್ಕಿದರೆ ವಿಷ. ತೋಟದ ಮನೆ ಎಂದ ಮೇಲೆ ನಾಯಿ ಇದ್ದೇ ಇರುತ್ತದೆ. ಇಲ್ಲಿ ಮೂರಿದ್ದವು.

ಪುಲ್ಲಿಗಳ ಸಂದಿಯನ್ನು ಸೋಪು ನೀರಲ್ಲಿ ಬ್ರಷ್ ಹಾಕಿ ಉಜ್ಜಿ ಒಣಗಿಸಿದೆವು. ಅಲ್ಲಿ ಹಳೇ ಕೂಲೆಂಟ್ ಉಳಿದರೆ ಹೊಸ ಬೆಲ್ಟೂ ಕೂಗುತ್ತದೆ. ಬೆಲ್ಟಿನ ಬೆನ್ನ ಮೇಲಿನ ನಂಬರನ್ನು ಸುಬೇದಾರ್ರು ಕನ್ನಡಕ ಏರಿಸಿ ಓದಿದರು. 4ಪಿಕೆ ಎಂದರೆ ನಾಲ್ಕು ಗೀರು, ಅದರ ಮುಂದಿನದ್ದು ಮಿಲಿಮೀಟರಿನಲ್ಲಿ ಉದ್ದ. ಹಳೆಯದರ ಜೊತೆ ತಾಳೆ ನೋಡಿದ ಮೇಲೆಯೇ ಹಾಕಲು ಒಪ್ಪಿದರು. ಹಾಕುವಾಗ ಪ್ರತಿ ಗೀರೂ ಅದರ ಸಾಲಿನಲ್ಲೇ ಕೂತಿದೆಯೇ ಎಂದು ಬೆರಳಾಡಿಸಿ ನೋಡಬೇಕು. ಒಂದು ಸಾಲು ತಪ್ಪಿ ಕೂತರೆ ಅಂಚು ಹರಿಯುತ್ತದೆ.

ಬಿಗಿ ಮಾಡುವ ಹೊತ್ತಿಗೆ ನನ್ನ ಕೈ ಅಭ್ಯಾಸಬಲದಿಂದ ಲೀವರ್ ಕಡೆ ಹೋಯಿತು. ಅವರು ಅದನ್ನು ತೆಗೆದು ಗೋಣಿತಾಟಿನ ಆಚೆ ತುದಿಗೆ ಇಟ್ಟರು. ಕೈಯಲ್ಲೇ ಎಳೆದು ಬೋಲ್ಟ್ ಹಿಡಿಸಿದೆವು. ಎರಡು ಪುಲ್ಲಿಗಳ ನಡುವೆ ಉದ್ದ ಜಾಸ್ತಿ ಇರುವಲ್ಲಿ ಹೆಬ್ಬೆರಳಿಂದ ಗಟ್ಟಿಯಾಗಿ ಒತ್ತಿದರೆ ಸುಮಾರು 10 ಮಿಲಿಮೀಟರ್ ತಗ್ಗಬೇಕು. ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ಸ್ಪ್ರಿಂಗಿನಲ್ಲಿ ತಾನಾಗಿ ಬಿಗಿಯಾಗುವ ಗಾಡಿಗಳಿಗೆ ಈ ಲೆಕ್ಕ ಬೇಡ. ಅವರು ಸ್ಕೇಲ್ ತರಿಸಿ ಅಳೆದರು. ಕಾಲು ಗಂಟೆ ಎಂಜಿನ್ ಓಡಿಸಿ, ನಿಲ್ಲಿಸಿ, ಮತ್ತೆ ಅಳೆದರು. ಹೊಸ ಬೆಲ್ಟು ಸ್ವಲ್ಪ ಹಿಗ್ಗಿ ಕೂತಿತ್ತು, ಒಂದು ಚೂರು ಎಳೆದೆವು. ಶಬ್ದ ಇಲ್ಲ. ಹೊರಗೆ ಮಳೆ ಹಾಗೇ ಹೊಯ್ಯುತ್ತಿತ್ತು.

ಆ ದಿನದ ಕೂಲಿ ನಾನು ತಗೊಳ್ಳಲಿಲ್ಲ. ಹಳೆಯ ಮೂರರದ್ದು ವಾಪಸ್ ಕೊಡಲು ಹೋದರೆ ಅವರು ತಗೊಳ್ಳಲಿಲ್ಲ.

ಮೊನ್ನೆ ಮತ್ತೆ ಫೋನ್. "ಹೊರಗಿನ ಬೆಲ್ಟು ಕುಂಯ್ ಅಂತದೆ. ಬರ್ಕೊಂಡಿದ್ದೇನೆ, ಕೊಟ್ಟಿಗೆ ಹತ್ರ ತಿರುಗಿಸುವಾಗ ಮಾತ್ರ. ಟೈಟ್ ಮಾಡ್ಲಾ?"

"ಬೇಡ ಸಾರ್, ಇರಿ. ಸ್ಟೇರಿಂಗ್ ಪೂರ್ತಿ ಕೊನೆ ಮುಟ್ಟಿದ ಮೇಲೂ ಒತ್ತಿ ಹಿಡೀತೀರಾ?"

ಸ್ವಲ್ಪ ಹೊತ್ತು ಮಾತಿಲ್ಲ. "ಹಿಡೀತೇನೆ."

"ಆಗ ಸ್ಟೇರಿಂಗ್ ಪಂಪಿಗೆ ಭಾರ ಜಾಸ್ತಿ. ಕೊನೆ ಮುಟ್ಟಿದ್ಮೇಲೆ ಚೂರು ಬಿಡಿ, ಆಮೇಲೂ ಕೂಗಿದ್ರೆ ಬರ್ತೇನೆ."

ಆ ಕಡೆಯಿಂದ ಪೆನ್ನಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು.